ಮೂಳೆ ಸಿಮೆಂಟ್ ಪರೀಕ್ಷೆ: ಪುಡಿಯಿಂದ ಮೊಲದ ತೊಡೆಮೂಳೆವರೆಗೆ

ಅಪಘಾತದಲ್ಲಿ ನಾಯಿಯ ಮೂಳೆ ಚೂರುಚೂರಾದಾಗ, ಮೂಳೆಯೊಳಗಿನ ಗೆಡ್ಡೆ ತೆಗೆದಾಗ, ಸೋಂಕು ತಗುಲಿದ ಭಾಗವನ್ನು ಕೆರೆದು ಹಾಕಿದಾಗ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಜಾಗ ಚಿಕ್ಕದಿದ್ದರೆ ಮೂಳೆ ತಾನೇ ಬೆಳೆದು ಮುಚ್ಚಿಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ಮುಚ್ಚುವುದಿಲ್ಲ, ನಾರಿನಂಥ ಅಂಗಾಂಶ ಬಂದು ತುಂಬಿಕೊಳ್ಳುತ್ತದೆ. ಇಂಥ ಜಾಗಕ್ಕೆ ಪೇಸ್ಟ್ ಆಗಿ ತುಂಬಿದರೆ ಅಲ್ಲೇ ಗಟ್ಟಿಯಾಗುವ ವಸ್ತುವೇ ಮೂಳೆ ಸಿಮೆಂಟ್.

ಹೊಸ ಸಿಮೆಂಟ್ ಒಂದನ್ನು ಪ್ರಾಣಿಯ ಮೂಳೆಯಲ್ಲಿ ಪರೀಕ್ಷಿಸುವ ತನಕ ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ. ಪಶುವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ, ಲ್ಯಾಬಿನಲ್ಲಿ ಇಂಥ ವಸ್ತು ತಯಾರಿಸುವವರಿಗೂ ಇದು ಉಪಯೋಗಕ್ಕೆ ಬರಬೇಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಮೇಲೆ ಉತ್ತರ ಸಿಗುವ ಯಾವ ಪ್ರಶ್ನೆಯನ್ನೂ ಪ್ರಾಣಿಯ ಮೇಲೆ ಕೇಳಬಾರದು. ಗಟ್ಟಿಯಾಗುತ್ತದೆಯಾ, ರಕ್ತದಲ್ಲಿ ಕದಡುತ್ತದೆಯಾ, ಕೋಶಗಳನ್ನು ಕೊಲ್ಲುತ್ತದೆಯಾ ಎಂದು ತಿಳಿಯಲು ಮೊಲ ಬೇಕಿಲ್ಲ. ಜೀವಂತ ಮೂಳೆ ಈ ವಸ್ತುವನ್ನು ಒಪ್ಪಿಕೊಂಡು, ನಿಧಾನಕ್ಕೆ ಕರಗಿಸಿ, ಅದರ ಜಾಗಕ್ಕೆ ತಾನು ಬರುತ್ತದೆಯಾ ಎಂಬುದಕ್ಕೆ ಮಾತ್ರ ಮೊಲ ಬೇಕು.

ಯಾವ ಸಿಮೆಂಟ್ ಎಂದು ಮೊದಲು ತಿಳಿಯಿರಿ

ಎಲ್ಲ ಸಿಮೆಂಟಿಗೂ ಒಂದೇ ಪರೀಕ್ಷೆ ಹೊಂದುವುದಿಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಬಳಸಿದ್ದು ಅಕ್ರಿಲಿಕ್ ಸಿಮೆಂಟ್, ಅಂದರೆ ಪಿಎಂಎಂಎ. ನಾಯಿಗಳ ಸೊಂಟದ ಕೀಲು ಬದಲಾವಣೆಯಲ್ಲೂ ಇದನ್ನು ಬಳಸುತ್ತಾರೆ. ಅದು ಬಲವಾಗಿರುತ್ತದೆ, ಆದರೆ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದೇಹದಲ್ಲಿ ಕರಗುವುದಿಲ್ಲ. ಇದಕ್ಕೆ ಐಎಸ್ಒ 5833 ಎಂಬ ಮಾನದಂಡವಿದೆ. ಅದರ ಪ್ರಕಾರ ಸಿಮೆಂಟ್ ಒತ್ತುವ ಬಲವನ್ನು ಕನಿಷ್ಠ 70 ಮೆಗಾಪಾಸ್ಕಲ್‌ವರೆಗೆ, ಬಾಗಿಸುವ ಬಲವನ್ನು ಕನಿಷ್ಠ 50 ಮೆಗಾಪಾಸ್ಕಲ್‌ವರೆಗೆ ತಾಳಬೇಕು.

ಎರಡನೆಯದು ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್. ಅಮೆರಿಕದಲ್ಲಿ ಬ್ರೌನ್ ಮತ್ತು ಚೌ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಪುಡಿಗೆ ನೀರು ಬೆರೆಸಿದರೆ ಅದು ಕರಗಿ ಹೊಸ ಹರಳುಗಳಾಗುತ್ತದೆ. ಆ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಕೊನೆಗೆ ಸಿಗುವುದು ನಮ್ಮ ಮೂಳೆಯ ಖನಿಜಕ್ಕೆ ತೀರಾ ಹತ್ತಿರದ ಅಪಟೈಟ್. 1989ರಲ್ಲಿ ಬಂದ ಬ್ರಷೈಟ್ ಸಿಮೆಂಟ್ ಇದೇ ಕುಟುಂಬದ್ದು. ಅದು ಆಮ್ಲೀಯವಾಗಿ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲೂ ಚಿತ್ರಾ ಸಿಪಿಸಿ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟನ್ನು ರೂಪಿಸಿದ್ದಾರೆ. ಇದೆಲ್ಲ ಹೊರದೇಶದ ಮಾತು ಅಂದುಕೊಳ್ಳಬೇಕಿಲ್ಲ.

ಮುಂದಿನ ಹೆಜ್ಜೆಗಳಲ್ಲಿ ಆಲ್ಫಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಚಿಕ್ಕದಾಗಿ ಆಲ್ಫಾ ಟಿಸಿಪಿ, ಪುಡಿಯ ಸಿಮೆಂಟನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಪುಡಿ ಮತ್ತು ಪೇಸ್ಟ್

ಆಲ್ಫಾ ಟಿಸಿಪಿ ಹೆಚ್ಚು ಉಷ್ಣತೆಯಲ್ಲಿ ಮಾತ್ರ ಸ್ಥಿರ. ಹಾಗಾಗಿ ಕಚ್ಚಾ ಪುಡಿಯನ್ನು 1300 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕೆಲವು ಗಂಟೆ ಕಾಯಿಸಿ, ಕುಲುಮೆಯಿಂದ ಥಟ್ಟನೆ ಹೊರತೆಗೆದು ತಣಿಸುತ್ತಾರೆ. ನಿಧಾನಕ್ಕೆ ತಣಿದರೆ ಅದು ಬೀಟಾ ರೂಪಕ್ಕೆ ತಿರುಗುತ್ತದೆ. ಬೀಟಾ ರೂಪ ನೀರು ಬೆರೆಸಿದರೆ ಗಟ್ಟಿಯಾಗುವುದಿಲ್ಲ. ಪ್ರತಿ ಬ್ಯಾಚಿಗೂ, ಪುಡಿಯಲ್ಲಿ ಯಾವ ಹರಳಿದೆ ಎಂದು ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್ ಮಾಡಿಸಿ. ತಾಮ್ರದ ಟ್ಯೂಬ್ ಇರುವ ಯಂತ್ರದಲ್ಲಿ ಆಲ್ಫಾ ರೂಪದ ಮುಖ್ಯ ಶಿಖರ 30.7 ಡಿಗ್ರಿ ಹತ್ತಿರ, ಬೀಟಾ ರೂಪದ್ದು 31 ಡಿಗ್ರಿ ಹತ್ತಿರ ಬರುತ್ತದೆ. ಎರಡೂ ಅಕ್ಕಪಕ್ಕವೇ ಇರುವುದರಿಂದ ಸ್ಕ್ಯಾನನ್ನು ನಿಧಾನವಾಗಿ ಓಡಿಸಬೇಕು. ಪುಡಿ ಎಷ್ಟು ನುಣ್ಣಗಿದೆ ಎಂದೂ ಅಳೆದು ಬರೆದಿಡಿ. ಕೆಲವೇ ಮೈಕ್ರಾನಿನಷ್ಟು ನುಣ್ಣಗಿದ್ದರೆ ಬೇಗ ಗಟ್ಟಿಯಾಗುತ್ತದೆ, ದಪ್ಪಗಿದ್ದರೆ ತಡವಾಗುತ್ತದೆ.

ದ್ರವವಾಗಿ ಶೇ 2.5ರಿಂದ 4ರಷ್ಟು ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ದ್ರಾವಣ ಸಾಕು. ಅದು ಪ್ರತಿಕ್ರಿಯೆಯನ್ನು ಚುರುಕು ಮಾಡುತ್ತದೆ. ಒಂದು ಗ್ರಾಂ ಪುಡಿಗೆ 0.30ರಿಂದ 0.40 ಮಿಲಿ ದ್ರವ ಹಾಕಿ ಗಾಜಿನ ಮೇಲೆ ಕಲಸಿದರೆ ಪೇಸ್ಟ್ ಬರುತ್ತದೆ. ಅದು ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ ಇರಬೇಕು.

ಇಲ್ಲೊಂದು ಲೆಕ್ಕ ಮಾಡಿ ನೋಡಿ. ಆಲ್ಫಾ ಟಿಸಿಪಿಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 2.86 ಗ್ರಾಂ. ಅಂದರೆ ಒಂದು ಗ್ರಾಂ ಪುಡಿ 0.35 ಮಿಲಿ ಜಾಗ ಹಿಡಿಯುತ್ತದೆ. ಅದಕ್ಕೆ 0.35 ಮಿಲಿ ದ್ರವ ಸೇರಿಸಿದರೆ ಪೇಸ್ಟಿನ ಅರ್ಧ ನೀರೇ ಆಯಿತು! ಪ್ರತಿಕ್ರಿಯೆಗೆ ಬೇಕಾಗುವ ನೀರು ತೀರಾ ಕಡಿಮೆ. ಉಳಿದ ನೀರಿನ ಜಾಗವೆಲ್ಲ ಕೊನೆಗೆ ಸಣ್ಣ ಸಣ್ಣ ರಂಧ್ರಗಳಾಗುತ್ತದೆ. ಸಿರಿಂಜಿನಲ್ಲಿ ಸಲೀಸಾಗಿ ಇಳಿಯಲಿ ಎಂದು ನೀರು ಜಾಸ್ತಿ ಮಾಡಿದರೆ ಬಲ ಎಷ್ಟು ಕುಸಿಯುತ್ತದೆ ಎಂಬುದು ಇದರಿಂದಲೇ ಅರ್ಥವಾಗುತ್ತದೆ. ಆದ್ದರಿಂದ ನೀರಿನ ಪ್ರಮಾಣವನ್ನು ಒಮ್ಮೆ ನಿಗದಿ ಮಾಡಿ. ನಂತರ ಮೊಲದವರೆಗೂ ಅದನ್ನು ಬದಲಿಸಬೇಡಿ.

ಗಟ್ಟಿಯಾಗುವ ಸಮಯ

ಇದಕ್ಕೆ ಗಿಲ್ಮೋರ್ ಸೂಜಿ ಬೇಕು. ಕಟ್ಟಡ ಸಿಮೆಂಟಿನ ಲ್ಯಾಬಿನಲ್ಲಿ ಇದು ಸಿಗುತ್ತದೆ. ಹಗುರ ಸೂಜಿಯ ತೂಕ 113.4 ಗ್ರಾಂ, ತುದಿಯ ವ್ಯಾಸ 2.12 ಮಿಮೀ. ಭಾರದ ಸೂಜಿ 453.6 ಗ್ರಾಂ, ತುದಿ 1.06 ಮಿಮೀ. ಪೇಸ್ಟಿನ ಮೇಲೆ ಹಗುರ ಸೂಜಿ ಗುರುತು ಮೂಡಿಸದ ಹೊತ್ತು ಮೊದಲ ಗಡುವು, ಭಾರದ್ದೂ ಮೂಡಿಸದ ಹೊತ್ತು ಕೊನೆಯ ಗಡುವು. ಶಸ್ತ್ರಚಿಕಿತ್ಸೆಗೆ ಒಪ್ಪುವ ಸಿಮೆಂಟಿನ ಮೊದಲ ಗಡುವು 4ರಿಂದ 8 ನಿಮಿಷದೊಳಗೆ, ಕೊನೆಯದು 15 ನಿಮಿಷದೊಳಗೆ ಇರಬೇಕು ಎಂಬ ಲೆಕ್ಕ ಈ ಕ್ಷೇತ್ರದಲ್ಲಿ ಚಾಲ್ತಿಯಲ್ಲಿದೆ.

ಅಕ್ರಿಲಿಕ್ ಸಿಮೆಂಟನ್ನು 23 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟಿಗೆ 37 ಡಿಗ್ರಿಯಲ್ಲೂ ಸಮಯ ತೆಗೆಯಲೇಬೇಕು, ಅದೂ ತೇವದ ವಾತಾವರಣದಲ್ಲಿ. ಬರಿಯ ಗಾಳಿಯಲ್ಲಿ ಇಟ್ಟರೆ ಮೇಲ್ಮೈ ಒಣಗಿ, ಗಟ್ಟಿಯಾಗಿದೆ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಆಪರೇಷನ್ ಕೋಣೆಯ ಉಷ್ಣತೆಯಲ್ಲೂ ಒಮ್ಮೆ ಅಳೆಯಿರಿ. ಕಲಸುವುದು, ಸಿರಿಂಜಿಗೆ ತುಂಬುವುದು ನಡೆಯುವುದು ಅಲ್ಲೇ ಅಲ್ವಾ.

ನೀರಿನಲ್ಲಿ ಕದಡುತ್ತದೆಯಾ?

ಬಹಳ ಜನ ಹಾರಿಸಿಬಿಡುವ ಪರೀಕ್ಷೆ ಇದು. ನನ್ನ ಪ್ರಕಾರ ಇದು ಬಲ ಪರೀಕ್ಷೆಗಿಂತ ಮುಖ್ಯ. ಪೇಸ್ಟನ್ನು ಸಿರಿಂಜಿನಿಂದ 37 ಡಿಗ್ರಿಯ ಫಾಸ್ಫೇಟ್ ಬಫರ್ ದ್ರಾವಣಕ್ಕೆ ನೇರವಾಗಿ ಇಳಿಸಿ. ಅಲುಗಾಡಿಸುವ ಯಂತ್ರದ ಮೇಲೆ ಇಡಿ. ಉದುರಿದ ಪುಡಿಯನ್ನು ಸೋಸಿ, ಒಣಗಿಸಿ, ತೂಗಿ. ಮೂಳೆಯ ರಂಧ್ರದಲ್ಲಿ ರಕ್ತ ಒಸರುತ್ತಲೇ ಇರುತ್ತದೆ. ಅಲ್ಲಿ ಪೇಸ್ಟ್ ಕದಡಿದರೆ ಸಣ್ಣ ಕಣಗಳು ಸುತ್ತಲಿನ ಅಂಗಾಂಶದಲ್ಲಿ ಉರಿಯೂತ ತರುತ್ತವೆ. ರಕ್ತನಾಳಕ್ಕೆ ಸೇರಿದರೆ ಹೆಪ್ಪುಗಟ್ಟಿಸಿ ಶ್ವಾಸಕೋಶದವರೆಗೂ ಹೋಗಬಲ್ಲವು. ಕದಡುವುದು ಕಂಡುಬಂದರೆ ದ್ರವಕ್ಕೆ ಸ್ವಲ್ಪ ಸೋಡಿಯಂ ಆಲ್ಜಿನೇಟ್ ಅಥವಾ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಸೇರಿಸಿ ನೋಡಿ, ಹಿಡಿತ ಬರುತ್ತದೆ. ಸೇರಿಸಿದ ಮೇಲೆ ಹಿಂದಿನ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕು.

ಸಿರಿಂಜಿನಿಂದ ಎಷ್ಟು ಹೊರಬರುತ್ತದೆ ಎಂಬುದನ್ನೂ ಇದರ ಜತೆಗೇ ಅಳೆಯಿರಿ. ಒಳಗೆ ಹಾಕಿದ ತೂಕ, ಹೊರಬಂದ ತೂಕ, ಇವೆರಡರ ಶೇಕಡಾವಾರು. ಹೊರಬಂದ ಪೇಸ್ಟ್ ತೆಳ್ಳಗಿದ್ದು ಒಳಗೆ ಉಳಿದದ್ದು ಒಣ ಉಂಡೆಯಂತಿದ್ದರೆ ದ್ರವ ಬೇರ್ಪಡುತ್ತಿದೆ ಎಂದರ್ಥ. ಆಗ ಶೇಕಡಾವಾರು ಚೆನ್ನಾಗಿದ್ದರೂ ಆ ಪೇಸ್ಟ್ ಕೆಲಸಕ್ಕೆ ಬರುವುದಿಲ್ಲ.

ಬಲ

6 ಮಿಮೀ ವ್ಯಾಸ, 12 ಮಿಮೀ ಎತ್ತರದ ಟೆಫ್ಲಾನ್ ಅಚ್ಚಿನಲ್ಲಿ ಪೇಸ್ಟ್ ತುಂಬಿ, ಗುಳ್ಳೆ ಹೋಗಲು ಮೆಲ್ಲಗೆ ತಟ್ಟಿ. 37 ಡಿಗ್ರಿಯ ತೇವದಲ್ಲಿ ಗಟ್ಟಿಯಾದ ಮೇಲೆ ಉಪ್ಪುನೀರಿನಂಥ ರಿಂಗರ್ ದ್ರಾವಣದಲ್ಲಿ ಮುಳುಗಿಸಿಡಿ. 1 ದಿನ, 3 ದಿನ, 7 ದಿನ ಕಳೆದ ಮೇಲೆ ತೆಗೆದು, ಎರಡೂ ತುದಿ ಸಮತಟ್ಟಾಗುವಂತೆ ಉಜ್ಜಿ, ಯಂತ್ರದಲ್ಲಿ ನಿಮಿಷಕ್ಕೆ 1 ಮಿಮೀ ವೇಗದಲ್ಲಿ ಒತ್ತಿ. ಮಾದರಿಗಳು ಒದ್ದೆಯಾಗಿಯೇ ಇರಬೇಕು. ಒಣಗಿಸಿ ಒತ್ತಿದರೆ ಅಂಕಿ ಜಾಸ್ತಿ ಬರುತ್ತದೆ, ಆದರೆ ದೇಹದೊಳಗೆ ಒಣ ಜಾಗ ಎಲ್ಲಿದೆ?

6 ಮಿಮೀ ವ್ಯಾಸದ ಮಾದರಿಯ ಅಡ್ಡಕೊಯ್ತ 28.27 ಚದರ ಮಿಮೀ. ಅದು 850 ನ್ಯೂಟನ್‌ನಲ್ಲಿ ಒಡೆದರೆ ಬಲ 30 ಮೆಗಾಪಾಸ್ಕಲ್. ಮೂಳೆಯ ಒಳಗಿನ ಜಾಳು ಭಾಗ ತಾಳುವುದು ಸಾಮಾನ್ಯವಾಗಿ 2ರಿಂದ 12 ಮೆಗಾಪಾಸ್ಕಲ್. ಹೊರಗಿನ ಗಟ್ಟಿ ಭಾಗ ನೂರಕ್ಕೂ ಮೇಲೆ. ಅಂದರೆ ಈ ಸಿಮೆಂಟ್ ಜಾಳು ಮೂಳೆಗೆ ಬೇಕಾದಷ್ಟಾಯಿತು, ಕಾಲಿನ ನಡುಮೂಳೆಯ ಭಾರ ಹೊರಲು ಸಾಲದು. ಸೆರಾಮಿಕ್ ವಸ್ತುಗಳಲ್ಲಿ ಒಂದು ಮಾದರಿಗೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ. ಪ್ರತಿ ಗುಂಪಿಗೆ ಮೂರು ಮಾದರಿ ಒತ್ತಿ ಸರಾಸರಿ ಬರೆದರೆ ಅದಕ್ಕೆ ಅರ್ಥವಿಲ್ಲ. ಹತ್ತಾದರೂ ಇರಲಿ.

ಒಡೆದ ಚೂರುಗಳನ್ನು ಎಸೆಯಬೇಡಿ. ಅವುಗಳನ್ನೇ ಪುಡಿ ಮಾಡಿ ಮತ್ತೆ ಡಿಫ್ರಾಕ್ಷನ್ ನೋಡಿ. 25.9 ಮತ್ತು 31.8 ಡಿಗ್ರಿ ಹತ್ತಿರ ಅಪಟೈಟ್ ಶಿಖರ ಏರುತ್ತಾ, 30.7ರ ಶಿಖರ ಇಳಿಯುತ್ತಾ ಹೋಗಬೇಕು.

ಕೃತಕ ದೇಹದ್ರವ ಮತ್ತು ಕೋಶಗಳು

ಜಪಾನಿನ ವಿಜ್ಞಾನಿ ಕೊಕುಬೊ ಅವರು ರೂಪಿಸಿದ ಕೃತಕ ದೇಹದ್ರವದಲ್ಲಿ ಮಾದರಿ ಮುಳುಗಿಸಿ, ಮೇಲ್ಮೈಯಲ್ಲಿ ಅಪಟೈಟ್ ಪದರ ಮೂಡುತ್ತದೆಯಾ ಎಂದು ನೋಡುವುದು ರೂಢಿ. 36.5 ಡಿಗ್ರಿ, ಪಿಎಚ್ 7.4. ಮಾಡಿ, ಆದರೆ ಅದನ್ನೇ ಜೀವಂತ ಮೂಳೆಗೆ ಅಂಟುವ ಪುರಾವೆ ಎಂದು ಬರೆಯಬೇಡಿ. ಬೀಟಾ ಟಿಸಿಪಿ ಈ ದ್ರವದಲ್ಲಿ ಅನೇಕ ಸಲ ಪದರ ಮೂಡಿಸುವುದಿಲ್ಲ, ಆದರೂ ಮೂಳೆಗೆ ಚೆನ್ನಾಗಿ ಅಂಟುತ್ತದೆ. ನೆನೆಸಿದ ದ್ರವದ ಪಿಎಚ್ ಮೊದಲ ಗಂಟೆಗಳಲ್ಲಿ ಹೇಗೆ ಏರಿಳಿಯುತ್ತದೆ ಎಂಬುದು ನನಗೆ ಹೆಚ್ಚು ಉಪಯುಕ್ತ ಮಾಹಿತಿ ಅನ್ನಿಸುತ್ತದೆ.

ಕೋಶ ಪರೀಕ್ಷೆಗೆ ಐಎಸ್ಒ 10993ರ 5 ಮತ್ತು 12ನೇ ಭಾಗಗಳನ್ನು ಅನುಸರಿಸಿ. ಸಿಮೆಂಟನ್ನು ಕೋಶಗಳ ಪೋಷಕ ದ್ರವದಲ್ಲಿ 37 ಡಿಗ್ರಿಯಲ್ಲಿ 24 ಗಂಟೆ ನೆನೆಸಿ, ಆ ಸಾರವನ್ನು ಎಲ್929 ಎಂಬ, ಲ್ಯಾಬಿನಲ್ಲಿ ಬೆಳೆಸುವ ಇಲಿಯ ಕೋಶಗಳಿಗೆ ಕೊಡುತ್ತಾರೆ. ಬದುಕುಳಿದವು ಶೇ 70ಕ್ಕಿಂತ ಕಡಿಮೆಯಾದರೆ ವಿಷಕಾರಿ ಗುಣ ಇದೆ ಎಂದು ಎಣಿಕೆ. ಒಂದು ಎಚ್ಚರ. ಈ ಸಿಮೆಂಟು ದ್ರವದಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ತಾನೇ ಹೀರಿಕೊಳ್ಳುತ್ತದೆ. ತಟ್ಟೆಯಲ್ಲಿ ಕೋಶಗಳು ಸೊರಗಿದರೆ ಅದು ವಿಷದಿಂದಲೋ ಹಸಿವಿನಿಂದಲೋ ಎಂದು ತಿಳಿಯಲು ಸಾರದ ಅಯಾನುಗಳನ್ನೂ ಅಳೆಯಬೇಕು.

ಪ್ರಾಣಿಗೆ ಹೋಗುವ ಮೊದಲು ಕ್ರಿಮಿಶುದ್ಧಿ ಆಗಲೇಬೇಕು. ಪುಡಿಯನ್ನು ಆಟೋಕ್ಲೇವಿಗೆ ಹಾಕಬೇಡಿ, ಹಬೆ ತಾಗಿದರೆ ಅಲ್ಲೇ ಪ್ರತಿಕ್ರಿಯೆ ಶುರುವಾಗುತ್ತದೆ. 25 ಕಿಲೋಗ್ರೇ ಗಾಮಾ ಕಿರಣ ಒಳ್ಳೆಯ ದಾರಿ. ದ್ರವವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಇಷ್ಟಾದ ಮೇಲೆ ಗಟ್ಟಿಯಾಗುವ ಸಮಯವನ್ನು ಮತ್ತೊಮ್ಮೆ ಅಳೆಯಿರಿ, ಅದು ಬದಲಾಗಿರಬಹುದು.

ಅನುಮತಿ

ಭಾರತದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಮೊದಲು ಸಿಪಿಸಿಎಸ್‌ಇಎ ಎನ್ನುತ್ತಿದ್ದ ಕೇಂದ್ರ ಸಮಿತಿಗೆ ಈಗ ಸಿಸಿಎಸ್‌ಇಎ ಎಂಬ ಹೆಸರಿದೆ. ಅದರಲ್ಲಿ ನೋಂದಾಯಿಸಿದ ಸಂಸ್ಥೆಯಲ್ಲಿ ಮಾತ್ರ ಪ್ರಯೋಗ ಮಾಡಬಹುದು. ಇಲಿ, ಮೊಲಗಳಿಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಬಿ ನಮೂನೆಯ ಅರ್ಜಿ ನೋಡಿ ನಿರ್ಧರಿಸುತ್ತದೆ. ನಾಯಿ, ಕುರಿ, ಆಡುಗಳಂಥ ದೊಡ್ಡ ಪ್ರಾಣಿಗಳಿಗೆ ಕೇಂದ್ರ ಸಮಿತಿಯ ಒಪ್ಪಿಗೆ ಬೇಕು. ಅರ್ಜಿಯಲ್ಲಿ ಮೇಲಿನ ಪರೀಕ್ಷೆಗಳ ಫಲಿತಾಂಶವನ್ನೆಲ್ಲ ಲಗತ್ತಿಸಿ. ಆಗ ನಿಮ್ಮ ಪ್ರಶ್ನೆಗೆ ಬೇರೆ ದಾರಿಯಿಲ್ಲ ಎಂಬುದು ಸಮಿತಿಗೂ ಕಾಣುತ್ತದೆ.

ಯಾವ ಪ್ರಾಣಿ, ಯಾವ ಜಾಗ

ಇಲಿಯ ಬುರುಡೆಯಲ್ಲಿ 8 ಮಿಮೀ ರಂಧ್ರ, ಮೊಲದ ಬುರುಡೆಯಲ್ಲಿ 15 ಮಿಮೀ ರಂಧ್ರ ತಾನಾಗಿ ಮುಚ್ಚುವುದಿಲ್ಲ ಎಂದು ಹೇಳುತ್ತಾರೆ. ಆದರೆ ಬುರುಡೆಯ ಮೇಲೆ ಭಾರ ಬೀಳುವುದಿಲ್ಲ. ಇಲಿಯ ಮೂಳೆ ತೀರಾ ಚಿಕ್ಕದು, ಮನುಷ್ಯರ ಅಥವಾ ನಾಯಿಯ ಮೂಳೆಯ ಹಾಗೆ ಒಳಗೊಳಗೇ ಮರುಕಟ್ಟಿಕೊಳ್ಳುವುದಿಲ್ಲ. ಮೊದಲ ಪರೀಕ್ಷೆಗೆ ನಾನು ಒಪ್ಪುವುದು ಮೊಲದ ತೊಡೆಮೂಳೆಯ ಕೆಳತುದಿ, ಮಂಡಿಯ ಹೊರಬದಿ. ಅಲ್ಲಿ ಜಾಳು ಮೂಳೆ ಇದೆ, ಸ್ವಲ್ಪ ಭಾರವೂ ಬೀಳುತ್ತದೆ, ರಂಧ್ರ ಮಾಡಿದರೆ ಕಾಲು ಮುರಿಯುವ ಭಯ ಕಡಿಮೆ. ಸುಮಾರು 6 ಮಿಮೀ ವ್ಯಾಸ, 10 ಮಿಮೀ ಆಳ. ಆರು ತಿಂಗಳು ದಾಟಿ ಬೆಳವಣಿಗೆ ಮುಗಿದ ಮೊಲಗಳೇ ಬೇಕು, ಎಳೆಯ ಮೊಲದ ಮೂಳೆಯಲ್ಲಿ ಏನು ಹಾಕಿದರೂ ತುಂಬಿಕೊಂಡಂತೆ ಕಾಣುತ್ತದೆ.

ಮೂರು ಗುಂಪು ಇಡಿ: ಹೊಸ ಸಿಮೆಂಟ್, ಈಗಾಗಲೇ ಮಾರುಕಟ್ಟೆಯಲ್ಲಿರುವ ಒಂದು ಸಿಮೆಂಟ್, ಖಾಲಿ ಬಿಟ್ಟ ರಂಧ್ರ. ಖಾಲಿ ಗುಂಪು ಇಲ್ಲದ ಪ್ರಯೋಗ ಸುಮ್ನೆ ಪ್ರಾಣಿಗಳ ನಷ್ಟ. 4, 12, 26 ವಾರಗಳ ಗಡುವು ಸಾಕು. ಪ್ರತಿ ಗುಂಪಿಗೆ ಎಷ್ಟು ಮೊಲ ಎಂಬುದನ್ನು ಸಂಖ್ಯಾಶಾಸ್ತ್ರ ಬಲ್ಲವರ ಜತೆ ಕೂತು ಮೊದಲೇ ಲೆಕ್ಕ ಹಾಕಿ. ಕಡಿಮೆ ಮೊಲ ಬಳಸಿ ಉತ್ತರವೇ ಸಿಗದೆ ಹೋದರೆ ಬಳಸಿದ ಅಷ್ಟೂ ಜೀವ ವ್ಯರ್ಥ. ಯಾವ ಮೊಲಕ್ಕೆ ಯಾವ ಸಿಮೆಂಟ್ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಸ್ಲೈಡ್ ನೋಡುವವರಿಗೆ ಗುಂಪಿನ ಹೆಸರು ಗೊತ್ತಿರಬಾರದು.

ಶಸ್ತ್ರಚಿಕಿತ್ಸೆ

ಮೊದಲ ಡ್ರಿಲ್ ಜೀವಂತ ಮೊಲದ ಮೇಲೆ ಆಗಬಾರದು. ಮಾಂಸದಂಗಡಿಯಿಂದ ಆಡಿನ ಮೂಳೆ ತಂದು ಕೈ ಪಳಗಿಸಿಕೊಳ್ಳಿ. ಕಲಸಿದ ಕ್ಷಣದಿಂದ ತುಂಬಿ ಮುಗಿಸುವವರೆಗೆ ಗಡಿಯಾರ ಇಟ್ಟು ಅಭ್ಯಾಸ ಮಾಡಿ.

ಮೊಲವನ್ನು ನಾಯಿಯಂತೆ ರಾತ್ರಿಯಿಡೀ ಉಪವಾಸ ಕೆಡವಬೇಡಿ. ಅದಕ್ಕೆ ವಾಂತಿ ಆಗುವುದಿಲ್ಲ. ಹೊಟ್ಟೆ ಖಾಲಿಯಾದರೆ ಕರುಳು ನಿಂತುಹೋಗುವ ಅಪಾಯವೇ ದೊಡ್ಡದು. ಅರಿವಳಿಕೆ ಮತ್ತು ನೋವಿನ ಔಷಧಿಯ ಪ್ರಮಾಣ ಮೊಲಗಳಲ್ಲಿ ಅನುಭವವಿರುವ ಪಶುವೈದ್ಯರ ಕೈಯಲ್ಲೇ ಇರಲಿ. ನೋವಿನ ಔಷಧಿಯನ್ನು ಕೊಯ್ಯುವ ಮೊದಲೇ ಕೊಡಬೇಕು.

ಮಂಡಿಯ ಹೊರಬದಿಯಲ್ಲಿ ಕೊಯ್ದು ಮೂಳೆ ಕಂಡ ಮೇಲೆ, ಸಣ್ಣ ಡ್ರಿಲ್ಲಿನಿಂದ ಶುರು ಮಾಡಿ ಹಂತಹಂತವಾಗಿ 6 ಮಿಮೀಗೆ ಹೋಗಿ. ವೇಗ ಕಡಿಮೆ ಇರಲಿ, ತಣ್ಣನೆಯ ಸಲೈನ್ ಬಿಡುತ್ತಲೇ ಇರಿ. 47 ಡಿಗ್ರಿ ಉಷ್ಣತೆ ಒಂದು ನಿಮಿಷ ತಾಗಿದರೂ ಮೂಳೆಗೆ ಪೆಟ್ಟು ಎಂದು ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ 1983ರಲ್ಲಿ ಮೊಲದ ಮೂಳೆಯಲ್ಲೇ ತೋರಿಸಿದ್ದಾರೆ. ಡ್ರಿಲ್ ಸುಟ್ಟ ಮೂಳೆಯ ತಪ್ಪನ್ನು ಆಮೇಲೆ ಸಿಮೆಂಟಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಚೂರುಗಳನ್ನು ತೊಳೆದು, ಗಾಜ್ ಒತ್ತಿ ರಕ್ತ ಹೀರಿಸಿ. ಈ ರಂಧ್ರದ ಗಾತ್ರ ಸುಮಾರು 0.28 ಮಿಲಿ. ಒಂದು ಗ್ರಾಂ ಪುಡಿಯಿಂದ 0.7 ಮಿಲಿ ಪೇಸ್ಟ್ ಬರುತ್ತದಲ್ಲ, ಪೋಲಾಗುವುದನ್ನು ಸೇರಿಸಿಯೂ ಅಷ್ಟು ಸಾಕು. ಸಿರಿಂಜಿನ ತುದಿ ತಳಕ್ಕೆ ಮುಟ್ಟಿಸಿ, ತುಂಬುತ್ತಾ ಹಿಂದಕ್ಕೆ ತನ್ನಿ, ಗಾಳಿ ಸಿಕ್ಕಿಕೊಳ್ಳುವುದಿಲ್ಲ. ತುಂಬಿದ ಮೇಲೆ ಮೊದಲ ಗಡುವು ಮುಗಿಯುವ ತನಕ ಕಾಲನ್ನು ಅಲುಗಾಡಿಸಬೇಡಿ, ಮೇಲ್ಮೈ ತಿದ್ದಲೂ ಹೋಗಬೇಡಿ. ಆಗ ತಾನೇ ಹೆಣೆದುಕೊಳ್ಳುತ್ತಿರುವ ಹರಳು ಮುರಿದರೆ ಮತ್ತೆ ಕೂಡುವುದಿಲ್ಲ. ಹೊಲಿಗೆ ಮುಗಿದ ತಕ್ಷಣ ಒಂದು ಎಕ್ಸ್‌ರೇ ತೆಗೆಯಿರಿ. ಮುಂದಿನದನ್ನೆಲ್ಲ ಹೋಲಿಸುವುದು ಅದರ ಜತೆಗೇ.

ಆಮೇಲಿನ ಆರೈಕೆ

ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ಕೂಗುವುದಿಲ್ಲ, ಮೂಲೆಗೆ ಸರಿದು ಕೂರುತ್ತದೆ ಅಷ್ಟೇ. ತಿನ್ನುತ್ತಿದೆಯಾ, ಹಿಕ್ಕೆ ಹಾಕುತ್ತಿದೆಯಾ ಎಂದು ದಿನಕ್ಕೆರಡು ಸಲವಾದರೂ ನೋಡಬೇಕು. ಕಣ್ಣು ಕಿರಿದಾಗಿದ್ದರೆ, ಕೆನ್ನೆ ಚಪ್ಪಟೆಯಾಗಿದ್ದರೆ, ಕಿವಿ ಹಿಂದಕ್ಕೆ ಅಂಟಿಕೊಂಡಿದ್ದರೆ ನೋವಿದೆ ಎಂದು ತಿಳಿಯಿರಿ. ಮುಖ ನೋಡಿ ನೋವು ಅಳೆಯುವ ಪಟ್ಟಿಯೊಂದು ಮೊಲಗಳಿಗೂ ಇದೆ, ಅದನ್ನು ಪಂಜರದ ಪಕ್ಕದಲ್ಲೇ ಅಂಟಿಸಿಡಿ. ಮೆಲೊಕ್ಸಿಕಾಂನಂಥ ನೋವಿನ ಔಷಧಿಗಳು ಮೂಳೆ ಕೂಡುವುದನ್ನು ತಡಮಾಡಬಹುದು ಎಂದು ಕೆಲವರು ಕೊಡಲು ಹಿಂಜರಿಯುತ್ತಾರೆ. ಎಲ್ಲ ಗುಂಪಿಗೂ ಒಂದೇ ಪ್ರಮಾಣ, ಒಂದೇ ಅವಧಿ ಕೊಟ್ಟರೆ ಹೋಲಿಕೆ ಕೆಡುವುದಿಲ್ಲ. ನೋವಿನಲ್ಲಿ ಬಿಡಲು ಅದೊಂದು ಕಾರಣವೇ ಅಲ್ಲ. ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಗೆ ಹಾಕಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು.

ಹೊಸ ಮೂಳೆ ಎಷ್ಟು ವೇಗವಾಗಿ ಬೆಳೆಯಿತು ಎಂದು ತಿಳಿಯಲು, ಗಡುವಿಗೆ ಮುಂಚೆ ಬೇರೆ ಬೇರೆ ವಾರಗಳಲ್ಲಿ ಟೆಟ್ರಾಸೈಕ್ಲಿನ್ ಮತ್ತು ಕ್ಯಾಲ್ಸೀನ್ ಕೊಡಬಹುದು. ಇವು ಆಗ ಬೆಳೆಯುತ್ತಿರುವ ಮೂಳೆಯಲ್ಲಿ ಗೆರೆಯಾಗಿ ಕೂರುತ್ತವೆ. ಸೂಕ್ಷ್ಮದರ್ಶಕದಲ್ಲಿ ಒಂದು ಹಳದಿಯಾಗಿ, ಇನ್ನೊಂದು ಹಸಿರಾಗಿ ಹೊಳೆಯುತ್ತದೆ. ಎರಡು ಗೆರೆಗಳ ನಡುವಿನ ದೂರವನ್ನು ದಿನಗಳಿಂದ ಭಾಗಿಸಿದರೆ ಬೆಳವಣಿಗೆಯ ವೇಗ ಸಿಗುತ್ತದೆ.

ಮೂಳೆಯನ್ನು ಓದುವುದು

ಗಡುವು ಮುಗಿದಾಗ ಅರಿವಳಿಕೆಯ ಹೆಚ್ಚಿನ ಪ್ರಮಾಣ ಕೊಟ್ಟು ಮೊಲವನ್ನು ನೋವಿಲ್ಲದೆ ಕಳಿಸಿ, ಮೂಳೆ ತೆಗೆಯುತ್ತಾರೆ. ಮೈಕ್ರೋ ಸಿಟಿ, ಅಂದರೆ ಸಣ್ಣ ಮಾದರಿಯ ಒಳಭಾಗವನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್, ಮೊದಲು. ಇಲ್ಲಿ ದೊಡ್ಡ ತೊಡಕು ಏನೆಂದರೆ, ಸಿಮೆಂಟೂ ಮೂಳೆಯೂ ಒಂದೇ ಬಗೆಯ ಖನಿಜ. ಬೂದು ಬಣ್ಣದಲ್ಲಿ ಎರಡೂ ಹತ್ತಿರ ಹತ್ತಿರ ಕಾಣುತ್ತವೆ. ಸಾಫ್ಟ್‌ವೇರ್ ತಾನಾಗಿ ಲೆಕ್ಕ ಹಾಕಿಕೊಟ್ಟ ಮೂಳೆಯ ಶೇಕಡಾವಾರಿನಲ್ಲಿ ಸಿಮೆಂಟೂ ಸೇರಿಬಿಟ್ಟಿರುತ್ತದೆ. ಎರಡಕ್ಕೂ ಬೇರೆ ಬೇರೆ ಗಡಿ ಇಟ್ಟು, ಆ ಗಡಿಯನ್ನು ಸ್ಲೈಡ್ ಜತೆ ತಾಳೆ ನೋಡಿ ಖಚಿತ ಮಾಡಿಕೊಳ್ಳಬೇಕು.

ಸ್ಲೈಡ್ ಮಾಡುವಾಗ ಮಾಮೂಲಿ ರೀತಿಯಲ್ಲಿ ಆಮ್ಲದಲ್ಲಿ ಮೂಳೆ ಮೆತ್ತಗೆ ಮಾಡಿದರೆ ಸಿಮೆಂಟೂ ಕರಗಿಹೋಗುತ್ತದೆ. ಉಳಿಯುವುದು ಬರಿಯ ತೂತು. ಆದ್ದರಿಂದ ಮೂಳೆಯನ್ನು ಹಾಗೇ ಅಕ್ರಿಲಿಕ್ ರಾಳದಲ್ಲಿ ಹುದುಗಿಸಿ, ವಜ್ರದ ಗರಗಸದಲ್ಲಿ ತೆಳ್ಳಗೆ ಕೊಯ್ದು ಉಜ್ಜಿ. ಸ್ಟೀವನೆಲ್ ಬ್ಲೂ ಮತ್ತು ವ್ಯಾನ್ ಗೀಸನ್ ಬಣ್ಣ ಹಾಕಿದರೆ ಮೂಳೆ ಕೆಂಪಾಗಿ, ಕೋಶಗಳು ನೀಲಿಯಾಗಿ ಕಾಣುತ್ತವೆ. ಇದೇ ಮೂಳೆಯಿಂದ ಮೆತ್ತಗೆ ಮಾಡಿದ ಇನ್ನೊಂದು ಸ್ಲೈಡನ್ನೂ ಇಟ್ಟುಕೊಳ್ಳಿ. ಸಿಮೆಂಟ್ ಕರಗಿಸುವ ಕೋಶಗಳನ್ನು ಎಣಿಸಲು ಅದು ಬೇಕು.

ನೋಡಬೇಕಾದ್ದು ಸಿಮೆಂಟ್ ಮತ್ತು ಮೂಳೆ ಸೇರುವ ಗೆರೆ. ಮೂಳೆ ನೇರವಾಗಿ ತಾಗಿದೆಯಾ, ನಡುವೆ ನಾರಿನ ಪದರ ಬಂದಿದೆಯಾ? ನಾರಿನ ಪದರ ಬಂದಿದ್ದರೆ ಉಳಿದ ಅಂಕಿಗಳು ಎಷ್ಟೇ ಚೆನ್ನಾಗಿದ್ದರೂ ಸಿಮೆಂಟನ್ನು ಮೂಳೆ ಒಪ್ಪಿಕೊಂಡಿಲ್ಲ. ಮೂಳೆ ಬೆಳೆಯುವುದಕ್ಕಿಂತ ಮುಂಚೆಯೇ ಸಿಮೆಂಟ್ ಕರಗಿದ್ದರೂ ಅದು ಸೋಲೇ.

ಲೆಕ್ಕ ಬರೆಯುವಾಗ ಒಂದು ಮೊಲ ಅಂದರೆ ಒಂದು ಅಂಕಿ. ಒಂದು ಮೊಲದಿಂದ ಹತ್ತು ಸ್ಲೈಡ್ ತೆಗೆದರೆ ಅದು ಹತ್ತು ಮೊಲ ಆಗುವುದಿಲ್ಲ. ಪ್ರಕಟವಾದ ಪ್ರಬಂಧಗಳಲ್ಲೂ ಈ ತಪ್ಪು ಕಾಣುತ್ತದೆ. ಸತ್ತ, ಸೋಂಕಾದ, ಕಾಲು ಮುರಿದ ಮೊಲಗಳನ್ನೂ ಸೇರಿಸಿ ಎಲ್ಲವನ್ನೂ ವರದಿ ಮಾಡಿ. ಏನೇನು ಬರೆಯಬೇಕು ಎಂಬುದಕ್ಕೆ ಅರೈವ್ ಎಂಬ ಪಟ್ಟಿ ಇದೆ, 2020ರಲ್ಲಿ ಅದರ ಹೊಸ ರೂಪ ಬಂದಿದೆ. ಸಿಮೆಂಟ್ ಸೋತರೂ ಪ್ರಕಟಿಸಿ, ಇಲ್ಲದಿದ್ದರೆ ಇನ್ನೊಂದು ಲ್ಯಾಬ್ ಅದೇ ಪ್ರಯೋಗವನ್ನು ಮತ್ತಷ್ಟು ಮೊಲಗಳ ಮೇಲೆ ಮಾಡುತ್ತದೆ.

ಮೊಲದಲ್ಲಿ ಗೆದ್ದ ಸಿಮೆಂಟನ್ನು ಆಸ್ಪತ್ರೆಗೆ ಬಂದ ನಾಯಿಗೆ ನೇರವಾಗಿ ಹಾಕುವಂತಿಲ್ಲ. ನಡುವೆ ಕುರಿ ಅಥವಾ ಆಡಿನಲ್ಲಿ, ಭಾರ ಬೀಳುವ ದೊಡ್ಡ ರಂಧ್ರದಲ್ಲಿ ಪರೀಕ್ಷೆ ಬೇಕಾಗುತ್ತದೆ. ನಾಯಿಯಲ್ಲಿ ಬಳಸುವ ದಿನ ಬಂದಾಗಲೂ ಕಾಲಿನ ಭಾರ ಹೊರುವುದು ಪ್ಲೇಟು ಮತ್ತು ಸ್ಕ್ರೂಗಳೇ, ಸಿಮೆಂಟ್ ಖಾಲಿ ಜಾಗವನ್ನು ಮಾತ್ರ ತುಂಬುತ್ತದೆ. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದು ನಾಯಿಯ ಮಾಲೀಕರಿಗೆ ಅವರ ಭಾಷೆಯಲ್ಲೇ ತಿಳಿಸಿ ಹೇಳಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ. ಎಕ್ಸ್‌ರೇಗೆ ಮತ್ತೆ ಯಾವಾಗ ಬರಬೇಕು ಎಂಬ ದಿನಾಂಕಗಳನ್ನೂ ಅದೇ ಹಾಳೆಯಲ್ಲಿ ಬರೆದುಕೊಡಿ.